ಪಾದ ಜೋತರೆ ಕೆಟ್ಟಿರುವುದು ಎಲ್ಲಿ?



ಕೊನೆಯ ಮಡಿಗೆ ನೀರು ಬಾರದಿದ್ದರೆ ನೀವು ಆ ಮಡಿಯನ್ನೇ ಅಗೆಯುತ್ತ ಕೂರುವುದಿಲ್ಲ. ಕಾಲುವೆಯ ಉದ್ದಕ್ಕೂ ಹಿಂದಕ್ಕೆ ನಡೆದು, ಕಸ ಸಿಕ್ಕಿರುವುದು ತೂಬಿನಲ್ಲೋ, ನಡುದಾರಿಯಲ್ಲೋ, ಮಡಿಯ ಬಾಯಲ್ಲೋ ಎಂದು ಹುಡುಕುತ್ತೀರಿ. ಕಾಲಿನ ನರದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಆದರೆ ಮೀನಖಂಡ ನೊಂದರೆ ಮೀನಖಂಡವನ್ನೇ ತಿಕ್ಕಿಸುತ್ತೇವೆ. ಪಾದ ಜೋತರೆ ಕಾಲಿಗೇ ಬರೆ ಹಾಕಿಸುತ್ತೇವೆ. ಇದರಿಂದ ಚರ್ಮ ಸುಡುವುದೇ ಹೊರತು ನರ ಸರಿಹೋಗದು. ಹೀಗೆ ಕಳೆದ ದಿನಗಳಲ್ಲಿ ಕಾಲು ಇನ್ನಷ್ಟು ಸೋಲಬಹುದು.

ನರದ ದಾರಿ

ನಮ್ಮ ಮೈಯಲ್ಲಿ ಎಲ್ಲಕ್ಕಿಂತ ದಪ್ಪನಾದ ನರಕ್ಕೆ ಸಯಾಟಿಕ ನರವೆಂದು ಹೆಸರು. ಅದು ಸುಮಾರು ಹೆಬ್ಬೆರಳಿನಷ್ಟು ಅಗಲ. ಸೊಂಟದ ಕೆಳಗೆ ಬೆನ್ನುಮೂಳೆಯಿಂದ ಹೊರಬರುವ ಐದು ಬೇರುಗಳು ಕೂಡಿ ಈ ನರವಾಗುತ್ತದೆ. ಅದು ಪಿರ್ರೆಯ ಒಳಗಿನಿಂದ ತೊಡೆಯ ಹಿಂಭಾಗಕ್ಕೆ ಇಳಿದು, ಮೊಣಕಾಲಿಗಿಂತ ಸ್ವಲ್ಪ ಮೇಲೆ ಎರಡು ಕವಲಾಗುತ್ತದೆ. ಒಂದು ಕವಲು ಮೀನಖಂಡಕ್ಕೆ ಹೋಗಿ ಪಾದವನ್ನು ಕೆಳಕ್ಕೆ ಒತ್ತಿಸುತ್ತದೆ. ಇನ್ನೊಂದು ಮೊಣಕಾಲಿನ ಹೊರಬದಿಯ ಎಲುಬನ್ನು ಸುತ್ತಿ ಮುಂದೆ ಬಂದು ಪಾದವನ್ನು ಮೇಲಕ್ಕೆ ಎತ್ತಿಸುತ್ತದೆ.

ಪಾದ ಎತ್ತಲಾಗದಿದ್ದರೆ ನಡೆಯುವಾಗ ಬೆರಳುಗಳು ಬದುವಿಗೆ ತಾಗುತ್ತವೆ, ಚಪ್ಪಲಿ ಜಾರುತ್ತದೆ. ಈ ಒಂದೇ ಲಕ್ಷಣಕ್ಕೆ ಕಾರಣ ಮೂರು ಜಾಗಗಳಲ್ಲಿ ಇರಬಹುದು.

ಮೂರು ಜಾಗಗಳು

ಮೊದಲನೆಯದು ಸೊಂಟ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಕ್ಕೆ ಉಬ್ಬಿ ನರದ ಬೇರನ್ನು ಒತ್ತುತ್ತದೆ. ಗೃಧ್ರಸಿ ಎಂದು ನಾವು ಕೇಳಿರುವ ಬೇನೆಗೆ ಇದೇ ಬಹುಪಾಲು ಕಾರಣ. ಇದನ್ನು 1934ರಲ್ಲಿ ಅಮೆರಿಕೆಯ ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಸ್ಪಷ್ಟವಾಗಿ ತೋರಿಸಿದರು. ಇದರಲ್ಲಿ ನೋವು ಸೊಂಟದಿಂದ ಕಾಲಿಗೆ ಇಳಿಯುತ್ತದೆ. ಕೆಮ್ಮಿದರೆ, ಸೀನಿದರೆ ಹೆಚ್ಚುತ್ತದೆ.

ಎರಡನೆಯದು ಪಿರ್ರೆ. ಸೂಜಿಯನ್ನು ತಪ್ಪು ಜಾಗದಲ್ಲಿ ಚುಚ್ಚಿದರೆ ಮದ್ದು ನರಕ್ಕೇ ತಗುಲಬಹುದು. ಚುಚ್ಚಿದ ಕೂಡಲೇ ಕಾಲಿನುದ್ದಕ್ಕೂ ಮಿಂಚು ಹೊಡೆದಂತೆ ನೋವಾಗಿ, ಪಾದ ಸೋಲುವುದುಂಟು. ಹಾಗಾದರೆ "ನಿಲ್ಲಿಸಿ" ಎಂದು ಆ ಕ್ಷಣವೇ ಹೇಳಿರಿ. ಎಳೆಯ ಕೂಸುಗಳಿಗೆ ಪಿರ್ರೆಗಿಂತ ತೊಡೆಯ ಮುಂಭಾಗದ ಹೊರಬದಿ ಸುರಕ್ಷಿತ. ಮಾತ್ರೆಯಿಂದ ವಾಸಿಯಾಗುವ ಜ್ವರಕ್ಕೆ ಸೂಜಿ ಕೇಳಬೇಡಿರಿ.

ಮೂರನೆಯದು ಮೊಣಕಾಲಿನ ಹೊರಬದಿ. ಕಳೆ ಕೀಳುವಾಗ, ಕಡಲೆಕಾಯಿ ಬಿಡಿಸುವಾಗ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂತರೆ ಅಲ್ಲಿ ಕವಲು ನರ ಒತ್ತಿಹೋಗುತ್ತದೆ. ಸೊಂಟದಲ್ಲಿ ನೋವೇ ಇರುವುದಿಲ್ಲ. ಎದ್ದು ನಿಂತಾಗ ಪಾದ ಮಾತ್ರ ಜೋಲುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕುಷ್ಠರೋಗವೂ ಇದೇ ಜಾಗದ ನರವನ್ನು ಕೆಡಿಸುತ್ತದೆ. ಆದುದರಿಂದ ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಮುಚ್ಚಿಡಬೇಡಿರಿ. ಅದರ ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ, ರೋಗವೂ ವಾಸಿಯಾಗುತ್ತದೆ.

ವೈದ್ಯರು ಪತ್ತೆ ಹಚ್ಚುವ ಬಗೆ

ವೈದ್ಯರು ನಿಮ್ಮನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಕಾಲನ್ನು ಎತ್ತುತ್ತಾರೆ. ಅದು 30ರಿಂದ 70 ಡಿಗ್ರಿ ಏರುವಷ್ಟರಲ್ಲಿ ಮೊಣಕಾಲಿನ ಕೆಳಕ್ಕೆ ನೋವು ಹರಿದರೆ ಸಂಶಯ ಸೊಂಟದ ಮೇಲೆ. ಹಿಮ್ಮಡಿಯ ಮೇಲೂ ತುದಿಗಾಲಿನ ಮೇಲೂ ನಡೆಯಲು ಹೇಳುತ್ತಾರೆ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಪಾದ ಪುಟಿಯುವುದೇ ಎಂದು ನೋಡುತ್ತಾರೆ. ಪಾದವನ್ನು ಒಳಕ್ಕೆ ತಿರುಗಿಸಲು ಹೇಳುವುದೂ ಮುಖ್ಯ. ಎತ್ತಲು ಬಾರದ ಪಾದ ಒಳಕ್ಕೆ ಬಲವಾಗಿ ತಿರುಗಿದರೆ ಕೆಟ್ಟಿರುವುದು ಬಹುಶಃ ಮೊಣಕಾಲಿನ ಬಳಿ. ಆ ಬಲವೂ ಕುಂದಿದ್ದರೆ ಇನ್ನೂ ಮೇಲೆ.

ಇಷ್ಟರಿಂದ ತಿಳಿಯದಿದ್ದರೆ ನರದಲ್ಲಿ ವಿದ್ಯುತ್ ಹರಿಯುವ ವೇಗವನ್ನು ಅಳೆಯುವ ಪರೀಕ್ಷೆಯುಂಟು. ಪೆಟ್ಟಾಗಿ ಸುಮಾರು 3 ವಾರ ಕಳೆದ ಮೇಲೆ ಅದರ ಫಲಿತಾಂಶ ಹೆಚ್ಚು ಸ್ಪಷ್ಟ. ಬೆನ್ನಿನ ಎಂ.ಆರ್.ಐ. ಚಿತ್ರ ಎಲ್ಲರಿಗೂ ಬೇಕಾಗದು.

ಡಿಸ್ಕಿನ ನೋವು ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕಡಿದ ನರ ಮತ್ತೆ ಬೆಳೆಯುವುದಾದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ. ಆದುದರಿಂದ ತಾಳ್ಮೆ ಬೇಕು, ಕಾಲಿನ ವ್ಯಾಯಾಮ ಬಿಡಬಾರದು.

ಆದರೆ ತಾಳ್ಮೆ ಸಲ್ಲದ ಸಂದರ್ಭಗಳೂ ಇವೆ. ಸೊಂಟನೋವಿನೊಡನೆ ಮೂತ್ರ ಕಟ್ಟಿದರೆ, ತಡೆಯಿಲ್ಲದೆ ಹೋದರೆ, ಸೈಕಲ್ಲಿನ ಸೀಟು ತಾಗುವ ಜಾಗ ಮರಗಟ್ಟಿದರೆ, ಎರಡೂ ಕಾಲು ಸೋತರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿರಿ. ಬೆಳಗಾಗಲೆಂದು ಕಾಯಬೇಡಿರಿ. 15 ವರ್ಷದೊಳಗಿನ ಮಗುವಿನ ಕಾಲು ಇದ್ದಕ್ಕಿದ್ದಂತೆ ಸೋತರೂ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾದರೂ ಆ ಎಚ್ಚರ ಬಿಟ್ಟಿಲ್ಲ. ಮಗುವಿನ ಮಲವನ್ನು 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪಡೆದು ಪರೀಕ್ಷಿಸುತ್ತಾರೆ.

ವೈದ್ಯರಿಗೆ ಹೇಳಬೇಕಾದ ಐದು ಮಾತು

1. ನೋವು ಎಲ್ಲಿ ಹುಟ್ಟಿ ಎಲ್ಲಿಯವರೆಗೆ ಇಳಿಯುತ್ತದೆ.
2. ಯಾವ ದಿನ, ಯಾವ ಕೆಲಸ ಮಾಡುವಾಗ ಮೊದಲಾಯಿತು.
3. ಅದಕ್ಕೆ ಮೊದಲು ಸೂಜಿ ಹಾಕಿಸಿದ್ದುಂಟೇ, ಎಲ್ಲಿಗೆ.
4. ಜೋಮು ಅಥವಾ ಮರಗಟ್ಟಿದ ಜಾಗ ಯಾವುದು.
5. ಮಲಮೂತ್ರ ಸರಿಯಾಗಿದೆಯೇ, ಸಕ್ಕರೆ ಕಾಯಿಲೆ ಇದೆಯೇ.

ನಾನು ಬೇಸಾಯ ಕಲಿತವನು, ವೈದ್ಯನಲ್ಲ, ಮದ್ದು ಹೇಳಲಾರೆ. ಆದರೆ ನೀರು ನಿಂತ ಕಡೆ ಹುಡುಕುವ ನಿಮ್ಮ ಕಣ್ಣು ಕಾಲಿನ ವಿಷಯದಲ್ಲಿಯೂ ತೆರೆದಿರಲಿ. ಈ ಐದು ಮಾತನ್ನು ಸರಿಯಾಗಿ ಹೇಳಿದ ರೋಗಿ ವೈದ್ಯರ ಅರ್ಧ ಕೆಲಸವನ್ನು ತಾನೇ ಮಾಡಿದಂತೆ.