ಕೌನ್ಸೆಲಿಂಗ್ ಫಾರಂನಲ್ಲಿ ಬರೆದದ್ದು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನನಗೆ 27 ವರ್ಷ. ಊರು ಹಾಸನದ ಕಡೆ, ಕೆಲಸ ಬೆಂಗಳೂರಿನಲ್ಲಿ. ಕೆಲವು ತಿಂಗಳಿಂದ ನಿದ್ದೆ ಸರಿಯಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ಖಾಸಗಿ ಕೌನ್ಸೆಲಿಂಗ್ ಸೆಂಟರೊಂದಕ್ಕೆ ಫೋನ್ ಮಾಡಿದೆ. ಅವರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫಾರಂ ಕಳಿಸಿದರು. ಹೆಸರು, ವಿಳಾಸ, ಕೆಲಸದ ಜಾಗ, ಮನೆಯವರ ನಂಬರು, ಹಿಂದೆ ಮಾತ್ರೆ ತೆಗೆದುಕೊಂಡಿದ್ದೀರಾ, ಆತ್ಮಹತ್ಯೆಯ ಯೋಚನೆ ಬಂದಿತ್ತಾ, ಎಲ್ಲವನ್ನೂ ಕೇಳಿದ್ದಾರೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಇದನ್ನೆಲ್ಲ ಬರೆದುಕೊಟ್ಟರೆ ಯಾರ ಕೈಗೆ ಸಿಗುತ್ತದೆ? ಅರ್ಧ ತುಂಬಿ ನಿಲ್ಲಿಸಿದ್ದೇನೆ.

ಉತ್ತರ: ನಿಲ್ಲಿಸಿ ಕೇಳಿದ್ದು ಒಳ್ಳೆಯದಾಯಿತು. ಆದರೆ ನಿಲ್ಲಿಸಿಯೇ ಬಿಡಬೇಡಿ.

ನಿಮಗೆ ಮೊದಲು ಬೇಕಾದ ಉತ್ತರ ಇದು: ನಿಮ್ಮ ಮನೆಯವರಾಗಲಿ, ಕಚೇರಿಯವರಾಗಲಿ, ನಾಳೆ ಸಂಬಂಧ ಬೆಳೆಸಲು ಬಂದು ವಿಚಾರಿಸುವವರಾಗಲಿ ಆ ಸೆಂಟರಿಗೆ ಫೋನ್ ಮಾಡಿದರೆ, ನೀವು ಅಲ್ಲಿಗೆ ಬರುತ್ತೀರೋ ಇಲ್ಲವೋ ಎಂಬುದನ್ನೂ ಅವರು ಹೇಳುವಂತಿಲ್ಲ. ಒಳಗೆ ಆಡಿದ ಮಾತು ಮಾತ್ರವಲ್ಲ, ನೀವು ಆ ಹೊಸ್ತಿಲು ತುಳಿದಿರಿ ಎಂಬುದೇ ಗುಟ್ಟು. ‘ನಾನು ಅವಳ ಅಣ್ಣ, ಕಾಳಜಿಯಿಂದ ಕೇಳುತ್ತಿದ್ದೇನೆ’ ಎಂದು ಫೋನ್ ಬಂದಾಗ ‘ನಮ್ಮಲ್ಲಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ನಾವು ಹೇಳುವುದಿಲ್ಲ’ ಎನ್ನುವಷ್ಟು ಗಟ್ಟಿತನ ಸೆಂಟರಿನ ಮುಂದಿನ ಮೇಜಿನ ಬಳಿ ಕೂತ ಹುಡುಗ ಅಥವಾ ಹುಡುಗಿಗೂ ಇರಬೇಕು. ನಮ್ಮ ಸಮಾಜದಲ್ಲಿ ಗುಟ್ಟು ಕಾಯುವವರಿಗೆ ಎದುರಾಗುವ ಅತಿ ಕಠಿಣ ಪರೀಕ್ಷೆ ಕಳ್ಳರದ್ದಲ್ಲ, ಪ್ರೀತಿಯ ಹೆಸರಿನಲ್ಲಿ ಕೇಳುವವರದ್ದು.

ಈ ರಕ್ಷಣೆ ಎಲ್ಲಿಂದ ಬರುತ್ತದೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೂ, ಅದನ್ನು ಕಾಯುವುದು ಚಿಕಿತ್ಸಕರ ಕರ್ತವ್ಯ ಎಂದೂ ಹೇಳುತ್ತದೆ. ಅದೇ ವರ್ಷದ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆ ಹೂಡಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಮಾನಸಿಕ ಆರೋಗ್ಯದ ವಿವರವನ್ನು ಸೂಕ್ಷ್ಮ ಮಾಹಿತಿಯ ಪಟ್ಟಿಗೆ ಸೇರಿಸಿವೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಕೇಳಲು ಇದು ಭದ್ರ ಕೋಟೆಯೇ. ಆದರೆ ನಿಮ್ಮಂಥವರು ಹೋಗುವ ಖಾಸಗಿ ಸೆಂಟರುಗಳ ವಿಷಯದಲ್ಲಿ ಅದರಲ್ಲೊಂದು ಬಿರುಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2017ರ ಕಾಯ್ದೆಯ ಪ್ರಕಾರ ಮಾನಸಿಕ ಅಸ್ವಸ್ಥತೆ ಎಂದರೆ ವಿವೇಚನೆಯನ್ನೋ ದಿನನಿತ್ಯದ ಬದುಕನ್ನೋ ತೀವ್ರವಾಗಿ ಕೆಡಿಸಿದ ತೊಂದರೆ. ನಿದ್ದೆಗೆಟ್ಟು, ಮನಸ್ಸು ಭಾರವಾಗಿ ಆಪ್ತಸಮಾಲೋಚನೆಗೆ ಹೋಗುವ ಎಲ್ಲರೂ ಅದರೊಳಗೆ ಬರುವುದಿಲ್ಲ. ಇನ್ನು ಚಿಕಿತ್ಸಕರು. ಮನೋವೈದ್ಯರು ವೈದ್ಯಕೀಯ ಪರಿಷತ್ತಿಗೆ ಉತ್ತರ ಕೊಡಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆದರೆ ಕೌನ್ಸೆಲರ್ ಎಂಬ ಫಲಕವನ್ನು ಎರಡು ವರ್ಷದ ಎಂ.ಎಸ್ಸಿ ಮಾಡಿದವರೂ ಹಾಕುತ್ತಾರೆ, ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದವರೂ ಹಾಕುತ್ತಾರೆ. ಇವರನ್ನೂ ಒಂದು ಚೌಕಟ್ಟಿಗೆ ತರಲು ಹೊರಟ 2021ರ ಸಹ ಆರೋಗ್ಯ ವೃತ್ತಿಪರರ ಕಾಯ್ದೆ ಇನ್ನೂ ಬೇರುಬಿಡುತ್ತಿದೆ.

ಹೀಗಾಗಿ ನಿಮ್ಮ ಗುಟ್ಟಿನ ನಿಜವಾದ ಕಾವಲು ಬಹುಪಾಲು ಒಂದು ಒಪ್ಪಂದದಲ್ಲಿರುತ್ತದೆ. ಸೆಂಟರು ನಿಮ್ಮಿಂದ ತುಂಬಿಸಿಕೊಳ್ಳುವ ಫಾರಂಗಿಂತ, ಅದು ನಿಮಗೆ ಕೊಡಬೇಕಾದ ಕಾಗದವೇ ಮುಖ್ಯ. ಏನನ್ನು ಬರೆದಿಡುತ್ತೇವೆ, ಎಲ್ಲಿಡುತ್ತೇವೆ, ಯಾರು ನೋಡುತ್ತಾರೆ, ಎಷ್ಟು ವರ್ಷ ಇಡುತ್ತೇವೆ, ಯಾವ ಸಂದರ್ಭದಲ್ಲಿ ಬಾಯಿ ಬಿಡಬೇಕಾಗುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಮೊದಲ ಭೇಟಿಗೆ ಮುಂಚೆಯೇ ಅದನ್ನು ಕೇಳಿ. ‘ಅದೆಲ್ಲ ಬೇಡ, ನಮ್ಮನ್ನು ನಂಬಿ’ ಎಂಬ ಉತ್ತರ ಬಂದರೆ ಬೇರೆ ಸೆಂಟರು ಹುಡುಕಿ.

ಈಗ ಆ ಫಾರಂ. ಅದರಲ್ಲಿ ಕೆಲವಕ್ಕೆ ಗಟ್ಟಿ ಕಾರಣವಿದೆ. ಆತ್ಮಹತ್ಯೆಯ ಯೋಚನೆಯ ಬಗ್ಗೆ ಕೇಳುವುದು ಜೀವ ಉಳಿಸುವ ಪ್ರಶ್ನೆ, ಅದಕ್ಕೆ ಸತ್ಯವನ್ನೇ ಹೇಳಿ. ಬರೆಯಲು ಮನಸ್ಸು ಬಾರದಿದ್ದರೆ ಎದುರು ಕೂತು ಹೇಳಿ. ಮಾತ್ರೆಗಳ ವಿವರವೂ ಬೇಕಾದದ್ದೇ, ಅದರಿಂದ ದೇಹದ ಕಾಯಿಲೆಯ ಸುಳಿವು ಸಿಗುತ್ತದೆ: ಥೈರಾಯ್ಡ್ ತೊಂದರೆಯಿಂದಲೂ ನಿದ್ದೆ, ಮನಸ್ಸು ಎರಡೂ ಕೆಡುತ್ತವೆ. ವಿಳಾಸ ಕೇಳುವುದು, ಮುಖ್ಯವಾಗಿ ಆನ್‌ಲೈನ್ ಮಾತುಕತೆಯಿದ್ದಾಗ, ಅಪಾಯದ ಗಳಿಗೆಯಲ್ಲಿ ನೀವು ಎಲ್ಲಿದ್ದೀರಿ ಎಂದು ತಿಳಿಯಲು. ಮನೆಯವರ ನಂಬರು ಎಂದು ಬರೆದಿದ್ದರೂ ಅವರಿಗೆ ಬೇಕಾದದ್ದು ತುರ್ತಿನಲ್ಲಿ ಓಡಿಬರುವ ಒಬ್ಬ ಮನುಷ್ಯ. ಅದು ಅಪ್ಪನೇ ಆಗಬೇಕಿಲ್ಲ. ಜೊತೆಯಲ್ಲಿರುವ ಗೆಳತಿಯ ನಂಬರು ಕೊಡಬಹುದು, ಆಕೆಗೆ ಮೊದಲೇ ಹೇಳಿಟ್ಟಿರಿ ಅಷ್ಟೇ. ಯಾವ ಸಂದರ್ಭದಲ್ಲಿ ಆ ನಂಬರಿಗೆ ಫೋನ್ ಮಾಡುತ್ತಾರೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಿ. ಕಂಪನಿಯ ಹೆಸರು ಬೇಕಿಲ್ಲ, ಖಾಲಿ ಬಿಡಿ. ಆಧಾರ್ ಸಂಖ್ಯೆ ಕೇಳಿದರೆ ಯಾಕೆ ಎಂದು ಕೇಳಿ.

ನೀವು ಮಾತಾಡಲು ಶುರುಮಾಡಿದ ಮೇಲೆ ಎರಡು ಬಗೆಯ ಬರಹ ಹುಟ್ಟುತ್ತದೆ. ಒಂದು ದಾಖಲೆ: ಯಾವ ದಿನ ಬಂದರು, ಮುಖ್ಯ ತೊಂದರೆ ಏನು, ಯಾವ ದಾರಿ ಹಿಡಿದೆವು, ಅಪಾಯವಿದೆಯೇ, ಮುಂದೇನು. ಇದು ನಾಲ್ಕೈದು ಸಾಲು ಮೀರಬೇಕಿಲ್ಲ. ಇನ್ನೊಂದು ಚಿಕಿತ್ಸಕರು ತಮ್ಮ ಯೋಚನೆಗಾಗಿ ಗೀಚಿಕೊಳ್ಳುವ ಟಿಪ್ಪಣಿ, ಅದರಲ್ಲಿ ನಿಮ್ಮ ಕನಸು, ಕೋಪ, ತಮ್ಮ ಅನುಮಾನ ಎಲ್ಲ ಇರಬಹುದು. ಇವೆರಡನ್ನೂ ಬೇರೆ ಬೇರೆ ಇಡುವವರೇ ತಿಳಿದವರು. ಕಸುಬಿನಲ್ಲಿ ಪಳಗಿದವರು ಹೆಸರು ಬರೆಯುವುದಿಲ್ಲ, ಸಂಖ್ಯೆ ಹಾಕುತ್ತಾರೆ. ಸಂಖ್ಯೆಗೂ ಹೆಸರಿಗೂ ನಂಟು ಹೇಳುವ ಪಟ್ಟಿ ಬೇರೆ ಬೀರುವಿನಲ್ಲಿರುತ್ತದೆ. ಹಿರಿಯ ಚಿಕಿತ್ಸಕರ ಬಳಿ ನಿಮ್ಮ ವಿಷಯ ಚರ್ಚಿಸುವುದೂ ಉಂಟು. ಅದು ತಪ್ಪಲ್ಲ, ಅದರಿಂದ ನಿಮಗೇ ಒಳಿತು, ಆದರೆ ಹೆಸರು, ಊರು, ಗುರುತು ಸಿಗುವ ಯಾವುದನ್ನೂ ಹೇಳಕೂಡದು.

ಕಡಿಮೆ ಬರೆದಿಡುವುದರ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣ ಫಿನ್ಲೆಂಡ್‌ನಲ್ಲಿ ನಡೆದದ್ದು. ಅಲ್ಲಿ ವಸ್ತಾಮೊ ಎಂಬ ಖಾಸಗಿ ಮನೋಚಿಕಿತ್ಸಾ ಸಂಸ್ಥೆ ದೇಶದ ಉದ್ದಗಲಕ್ಕೂ ಕೇಂದ್ರಗಳನ್ನು ತೆರೆದಿತ್ತು. ಚಿಕಿತ್ಸಕರು ಬರೆದ ಟಿಪ್ಪಣಿಗಳೆಲ್ಲ ರೋಗಿಗಳ ಹೆಸರು, ಗುರುತಿನ ಸಂಖ್ಯೆಗಳ ಜೊತೆಗೇ ಒಂದು ಕಂಪ್ಯೂಟರ್ ಕಣಜದಲ್ಲಿ ತುಂಬಿಕೊಂಡವು. ಅದಕ್ಕೆ ಸರಿಯಾದ ಬೀಗವೇ ಇರಲಿಲ್ಲ, ದಾಖಲೆಗಳನ್ನು ಗೂಢಲಿಪಿಗೂ ತಿರುಗಿಸಿರಲಿಲ್ಲ. 2018ರಲ್ಲಿ ಕದ್ದ ಮಾಹಿತಿ 2020ರ ಅಕ್ಟೋಬರ್‌ನಲ್ಲಿ ಹೊರಬಂತು. ಕಳ್ಳ ಮೊದಲು ಸಂಸ್ಥೆಯಿಂದ 40 ಬಿಟ್‌ಕಾಯಿನ್ ಕೇಳಿದ, ಅದು ಸಿಗದಾಗ ರೋಗಿಗಳಿಗೇ ಇಮೇಲ್ ಕಳಿಸಿದ: 24 ಗಂಟೆಯಲ್ಲಿ 200 ಯೂರೋ ಕೊಡದಿದ್ದರೆ ನೀವು ಚಿಕಿತ್ಸಕರ ಮುಂದೆ ಹೇಳಿದ್ದನ್ನು ಎಲ್ಲರೂ ಓದುತ್ತಾರೆ. ಸುಮಾರು 33 ಸಾವಿರ ಜನರ ದಾಖಲೆಗಳು ಅವನ ಕೈಯಲ್ಲಿದ್ದವು. 20 ಸಾವಿರಕ್ಕೂ ಹೆಚ್ಚು ಮಂದಿ ಪೊಲೀಸರಿಗೆ ದೂರು ಕೊಟ್ಟರು. ಸಂಸ್ಥೆ ದಿವಾಳಿಯಾಯಿತು, ಅದಕ್ಕೆ 6,08,000 ಯೂರೋ ದಂಡವೂ ಬಿತ್ತು, 2024ರ ಏಪ್ರಿಲ್‌ನಲ್ಲಿ ಜಿಲ್ಲಾ ನ್ಯಾಯಾಲಯ ಆರೋಪಿಗೆ 6 ವರ್ಷ 3 ತಿಂಗಳ ಸೆರೆವಾಸ ವಿಧಿಸಿತು. ಆದರೆ ಒಮ್ಮೆ ಹೊರಬಿದ್ದ ಮಾತನ್ನು ಯಾವ ನ್ಯಾಯಾಲಯವೂ ಒಳಗೆ ಹಾಕಲಾರದು. ಆ ಚಿಕಿತ್ಸಕರಲ್ಲಿ ಯಾರೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಎಷ್ಟು ಬರೆದಿಟ್ಟಿದ್ದರೋ ಅಷ್ಟೂ ಹೋಯಿತು.

ನಮ್ಮಲ್ಲಿ ಸೋರುವುದು ಇನ್ನೂ ಸಣ್ಣ ತೂತುಗಳಿಂದ. ‘ನಾಳೆ 5 ಗಂಟೆಗೆ ನಿಮ್ಮ ಥೆರಪಿ ಸೆಷನ್’ ಎಂಬ ಸಂದೇಶ ನಿಮ್ಮ ಫೋನಿನ ಪರದೆಯ ಮೇಲೆ ಮೂಡುವಾಗ ಪಕ್ಕದಲ್ಲಿ ಕೂತವರೂ ಓದುತ್ತಾರೆ. ಯುಪಿಐ ಮೂಲಕ ಹಣ ಕೊಟ್ಟರೆ ಸೆಂಟರಿನ ಹೆಸರು ಬ್ಯಾಂಕಿನ ಪಟ್ಟಿಯಲ್ಲಿ ಉಳಿಯುತ್ತದೆ. ಖಾತೆ ಅಪ್ಪನ ಜೊತೆ ಜಂಟಿಯಾಗಿದ್ದರೆ ಅದನ್ನು ಅವರೂ ನೋಡುತ್ತಾರೆ. ನೀವು ತುಂಬಿದ ಫಾರಂ ವಾಟ್ಸ್‌ಆ್ಯಪ್‌ನಿಂದ ಸೆಂಟರಿನ ಯಾರದೋ ಸ್ವಂತ ಫೋನಿನ ಗ್ಯಾಲರಿಗೆ ಇಳಿದು, ಅಲ್ಲಿಂದ ಅವರ ಗೂಗಲ್ ಡ್ರೈವ್‌ಗೆ ಏರಬಹುದು. ಗೂಗಲ್‌ನಲ್ಲಿ ನೀವು ಎರಡು ಒಳ್ಳೆಯ ಮಾತು ಬರೆದರೆ ಸೆಂಟರಿನವರು ‘ನಮ್ಮಲ್ಲಿ ಚಿಕಿತ್ಸೆ ಪಡೆದದ್ದಕ್ಕೆ ವಂದನೆ’ ಎಂದು ಊರಿಗೆಲ್ಲ ಕಾಣುವಂತೆ ಉತ್ತರಿಸುತ್ತಾರೆ. ಇವುಗಳಿಗೆಲ್ಲ ಉಪಾಯವಿದೆ. ಸಂದೇಶದಲ್ಲಿ ಸೆಂಟರಿನ ಹೆಸರಿಲ್ಲದೆ ಬರೀ ಸಮಯ ಹಾಕಿ ಎಂದು ಕೇಳಬಹುದು. ಫಾರಂ ಅನ್ನು ಕಾಗದದ ಮೇಲೆ ತುಂಬಿ ಕೈಗೆ ಕೊಡುತ್ತೇನೆ ಎನ್ನಬಹುದು. ಫೀಸನ್ನು ನಗದಾಗಿ ಕೊಡಬಹುದು. ನಿಮ್ಮ ಪ್ರಶ್ನೆ ಓದಿದಾಗ ನನ್ನನ್ನು ಹೆಚ್ಚು ಕಾಡಿದ್ದೂ ಆ ಫಾರಂ ವಾಟ್ಸ್‌ಆ್ಯಪ್‌ನಲ್ಲಿ ಬಂತು ಎಂಬುದೇ.

ಆ್ಯಪ್‌ಗಳ ಮೂಲಕ ಥೆರಪಿ ಪಡೆಯುವುದಾದರೆ ಇನ್ನೊಂದಿಷ್ಟು ಎಚ್ಚರ ಬೇಕು. ಅಮೆರಿಕದ ಬೆಟರ್‌ಹೆಲ್ಪ್ ಕಂಪನಿ ಗುಟ್ಟಾಗಿಡುತ್ತೇವೆ ಎಂದು ಮಾತು ಕೊಟ್ಟೂ, ಬಳಕೆದಾರರ ಇಮೇಲ್, ಪ್ರಶ್ನಾವಳಿಯ ಉತ್ತರ ಇತ್ಯಾದಿಗಳನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದವುಗಳ ಜೊತೆ ಹಂಚಿಕೊಂಡಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2023ರಲ್ಲಿ ಆ ಕಂಪನಿ 78 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ನಿಮ್ಮ ಕಂಪನಿಯೇ ಹಣ ಕೊಡುವ ಕೌನ್ಸೆಲಿಂಗ್ ಸೌಲಭ್ಯ ಬಳಸುವುದಾದರೆ, ಎಚ್‌ಆರ್‌ಗೆ ಹೋಗುವುದು ಬರೀ ಒಟ್ಟು ಸಂಖ್ಯೆಯೋ ಹೆಸರೂ ಹೋಗುತ್ತದೆಯೋ ಎಂದು ಒಪ್ಪಂದದಲ್ಲಿ ನೋಡಿಕೊಳ್ಳಿ. ವಿಮೆಯ ಹಣ ಕೇಳಿದರೆ ರೋಗದ ಹೆಸರು ವಿಮಾ ಕಂಪನಿಗೆ ಹೋಗಿಯೇ ಹೋಗುತ್ತದೆ.

ಇನ್ನು, ಗುಟ್ಟು ಮುರಿಯಲೇಬೇಕಾದ ಸಂದರ್ಭಗಳು. ‘ಏನಾದರೂ ಸರಿ, ಯಾರಿಗೂ ಹೇಳುವುದಿಲ್ಲ’ ಎನ್ನುವ ಚಿಕಿತ್ಸಕರ ಬಗ್ಗೆ ನನಗೆ ಅನುಮಾನ. ಯಾಕೆಂದರೆ ಅವರಿಗೆ ಕಾನೂನು ಗೊತ್ತಿಲ್ಲ, ಅಥವಾ ನಿಮ್ಮ ಸಮಾಧಾನಕ್ಕೆ ಹೇಳುತ್ತಿದ್ದಾರೆ. ನಿಮ್ಮ ಪ್ರಾಣಕ್ಕೆ ಅಪಾಯವಿದ್ದರೆ ಅಥವಾ ನಿಮ್ಮಿಂದ ಇನ್ನೊಬ್ಬರಿಗೆ ಅಪಾಯವಿದ್ದರೆ ಅದನ್ನು ತಡೆಯಲು ಬೇಕಾದಷ್ಟನ್ನು ಹೇಳಬಹುದು. ಬೇಕಾದಷ್ಟು ಎಂಬುದಕ್ಕೆ ಇಲ್ಲಿ ತೂಕವಿದೆ. ಗೆಳತಿಗೆ ಫೋನ್ ಮಾಡಿ ‘ಇಂದು ರಾತ್ರಿ ಇವರ ಜೊತೆಗಿರಿ’ ಎಂದರೆ ಸಾಕು, ಆರು ತಿಂಗಳ ಕಥೆ ಬೇಕಿಲ್ಲ. 18ರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ನ್ಯಾಯಾಲಯ ಆದೇಶಿಸಿದರೂ ದಾಖಲೆ ಕೊಡಬೇಕು. ವಕೀಲರ ಬಳಿ ಕಕ್ಷಿದಾರ ಹೇಳಿದ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆಯಿದೆ, ಚಿಕಿತ್ಸಕರ ಬಳಿ ಹೇಳಿದ್ದಕ್ಕೆ ಅಂಥ ರಕ್ಷಣೆಯಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1996ರಲ್ಲೇ ಅಂಥ ರಕ್ಷಣೆಯನ್ನು ಒಪ್ಪಿಕೊಂಡಿತು. ವಿಚ್ಛೇದನದ ಮೊಕದ್ದಮೆಗಳಲ್ಲಿ ಒಬ್ಬರ ಮಾನಸಿಕ ಸ್ಥಿತಿಯೇ ಇನ್ನೊಬ್ಬರ ಕೈಯ ಆಯುಧವಾಗುವ ನಮ್ಮ ದೇಶದಲ್ಲಿ ಈ ರಕ್ಷಣೆ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಬರುವವರೆಗೆ, ಆದೇಶ ಬಂದಾಗ ಪೂರ್ತಿ ಕಡತ ಎತ್ತಿಕೊಡದೆ, ಕೇಳಿದ ಪ್ರಶ್ನೆಗಷ್ಟೇ ಉತ್ತರಿಸಲು ಅನುಮತಿ ಬೇಡುವ ಚಿಕಿತ್ಸಕರೇ ನಮಗೆ ಆಸರೆ.

ನಿಮ್ಮ ದಾಖಲೆಯನ್ನು ನೀವು ನೋಡಬಹುದೇ ಎಂದು ನೀವು ಕೇಳಿಲ್ಲ, ಆದರೂ ತಿಳಿದಿರಲಿ. 2017ರ ಕಾಯ್ದೆಯ 25ನೇ ಸೆಕ್ಷನ್ ಮೂಲಭೂತ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕೊಡುತ್ತದೆ. ಓದಿದರೆ ನಿಮಗೇ ಗಂಭೀರ ಮಾನಸಿಕ ಹಾನಿ ಅಥವಾ ಇತರರಿಗೆ ಹಾನಿ ಎನಿಸಿದ ಭಾಗವನ್ನು ಮಾತ್ರ ಚಿಕಿತ್ಸಕರು ತಡೆಹಿಡಿಯಬಹುದು, ಆಗ ನೀವು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬಹುದು. 2023ರ ಕಾಯ್ದೆ ಪೂರ್ಣವಾಗಿ ಜಾರಿಯಾದಾಗ, ಕೆಲಸ ಮುಗಿದ ಡಿಜಿಟಲ್ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕು ಬರುತ್ತದೆ. ಮಾಹಿತಿ ಸೋರಿದರೆ ಸೆಂಟರು ನಿಮಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕಾಗುತ್ತದೆ.

ಗುಟ್ಟು ಯಾರಾದರೂ ಬಿಟ್ಟುಕೊಟ್ಟರೆ ದೂರು ಎಲ್ಲಿಗೆ ಎಂಬುದು ಅವರು ಯಾರು ಎಂಬುದರ ಮೇಲೆ ನಿಂತಿದೆ: ಮನೋವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಪುನರ್ವಸತಿ ಪರಿಷತ್ತು. ಎಲ್ಲೂ ನೋಂದಣಿಯಿಲ್ಲದವರಾದರೆ ಗ್ರಾಹಕ ನ್ಯಾಯಾಲಯದ ಬಾಗಿಲು ತಟ್ಟಬೇಕಾಗುತ್ತದೆ, ಅಲ್ಲಿ ನಿಮ್ಮ ಕೈಯಲ್ಲಿರುವ ಆ ಒಪ್ಪಂದದ ಕಾಗದವೇ ಸಾಕ್ಷಿ. ಅದಕ್ಕೇ ಮೊದಲ ಫೋನಿನಲ್ಲೇ ಅವರ ಅರ್ಹತೆ, ನೋಂದಣಿ ಸಂಖ್ಯೆ ಕೇಳಿಕೊಳ್ಳಿ. ಒಳ್ಳೆಯವರು ಬೇಸರಿಸುವುದಿಲ್ಲ.

ಸೆಂಟರು ಸಿಗುವವರೆಗೆ ಮನಸ್ಸು ತಡೆಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಇದೆ, ನಂಬರು 14416. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.