ಕೆಸರಿನೊಳಗಿನ ಮರಳು

ಅಕ್ಕಿಯನ್ನು ಜಾಲಿಸುವ ವಿದ್ಯೆಯನ್ನು ಅರಿಯದ ಮನೆ ನಮ್ಮ ನಾಡಿನಲ್ಲಿ ಇರಲಾರದು. ಪಾತ್ರೆಯಲ್ಲಿ ನೀರನ್ನು ಮೆಲ್ಲನೆ ತೊನೆದರೆ ಹಗುರವಾದ ಅಕ್ಕಿಯು ನೀರಿನೊಡನೆ ಮುಂದೆ ಸರಿಯುತ್ತದೆ. ಭಾರವಾದ ಕಲ್ಲು ತಳದಲ್ಲಿ ಉಳಿಯುತ್ತದೆ. ಅಕ್ಕಸಾಲೆಯ ಅಂಗಡಿಯ ಧೂಳನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದ ಜಲಗಾರರ ಕಸಬೂ ಇದೇ ತತ್ತ್ವವನ್ನು ಆಶ್ರಯಿಸಿತ್ತು. ಮಲಿನವಾದ ನದಿಯ ಕೆಸರಿನಿಂದ ಶುದ್ಧವಾದ ಮರಳನ್ನು ಬೇರ್ಪಡಿಸಿ ಮರಳಿ ಉಪಯೋಗಿಸುವ ಇಂದಿನ ವಿಧಾನವೂ ಮೂಲತಃ ಇದೇ ಆಗಿದೆ. ಆ ವಿಷಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದು ನಮಗೆ ದೂರದ ಮಾತಲ್ಲ. ಕೂಡಲಿಯಲ್ಲಿ ಒಂದಾದ ತುಂಗೆಯೂ ಭದ್ರೆಯೂ ನ್ಯಾಮತಿ, ಹೊನ್ನಾಳಿ ಸೀಮೆಗಳನ್ನು ಹಾದು ಹರಿಹರಕ್ಕೆ ಬರುತ್ತವೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ, ಹೊರಡುವ ಹರಿದ್ರಾ ಹಳ್ಳವು ಅಲ್ಲಿಯೇ ತುಂಗಭದ್ರೆಯನ್ನು ಸೇರುತ್ತದೆ. ಜಗಳೂರು ಬಯಲುಸೀಮೆ; ಅದರ ಕೆರೆಗಳಿಗೂ ತುಂಗಭದ್ರೆಯ ನೀರನ್ನೇ ಯಂತ್ರಗಳಿಂದ ಎತ್ತಿ ತರುವ ಯೋಜನೆಯಾಗಿದೆ. ಹೀಗೆ ಈ ಊರುಗಳೆಲ್ಲವೂ ಒಂದೇ ನೀರಿನ ನೆಂಟರು. ಆ ನದಿಯು ಕೆಟ್ಟರೆ ಏನಾಗುವುದೆಂಬುದನ್ನು ನಮ್ಮ ಜನರು ಕಂಡೂ ಇದ್ದಾರೆ. 1980ರ ದಶಕದಲ್ಲಿ ಹರಿಹರದ ಬಳಿ ಕಾರ್ಖಾನೆಯ ಕೊಳಕು ನೀರಿನಿಂದ ಮೀನುಗಳು ಸತ್ತು ತೇಲಿದಾಗ ದಡದ ಹಳ್ಳಿಗರು ದೊಡ್ಡ ಚಳವಳಿಯನ್ನೇ ಹೂಡಬೇಕಾಯಿತು.

ನೀರಿಗೆ ಬಿದ್ದ ವಿಷವೆಲ್ಲವೂ ನೀರಿನೊಡನೆ ಹರಿದುಹೋಗುವುದಿಲ್ಲ. ಅದರಲ್ಲಿ ಬಹುಭಾಗವು ಕೆಸರಿಗೆ ಅಂಟಿ ತಳದಲ್ಲಿ ನಿಲ್ಲುತ್ತದೆ. ಕೆಸರಿನಲ್ಲಿ ಯಾವ ಅಂಶಕ್ಕೆ ಅಂಟುತ್ತದೆ? ಇದನ್ನು ತಿಳಿಯಲು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿರಿ. ಒಂದು ಸೆಂಟಿಮೀಟರ್ ಅಂಚಿನ ಘನಾಕೃತಿಯ ಒಂದು ಕಲ್ಲಿಗೆ ಆರು ಮುಖಗಳಿವೆ. ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಅಂಚಿನ ತುಂಡುಗಳಾಗಿ ಕತ್ತರಿಸಿದರೆ 1000 ತುಂಡುಗಳಾಗುತ್ತವೆ. ಎಲ್ಲದರ ಮೇಲ್ಮೈ ಸೇರಿ 60 ಚದರ ಸೆಂಟಿಮೀಟರ್ ಆಗುತ್ತದೆ. ಕಲ್ಲು ಅಷ್ಟೇ, ಅಂಟಿಕೊಳ್ಳಲು ಸ್ಥಳವು ಮಾತ್ರ ಹತ್ತು ಮಡಿ. ಜೇಡಿಯ ಕಣಗಳು ಇದಕ್ಕಿಂತಲೂ ಎಷ್ಟೋ ಪಾಲು ಸಣ್ಣವು. ಅವುಗಳೊಡನೆ ಕೊಳೆತ ಎಲೆ, ಕಸ ಮೊದಲಾದವೂ ಬೆರೆತಿರುತ್ತವೆ. ಆದಕಾರಣ ಸೀಸ, ಪಾದರಸ ಮೊದಲಾದ ಲೋಹಗಳೂ ಎಣ್ಣೆಯಂಥ ವಿಷಗಳೂ ಮುಖ್ಯವಾಗಿ ಈ ನುಣ್ಣನೆಯ ಭಾಗದಲ್ಲಿ ನೆಲಸುತ್ತವೆ. ಒರಟಾದ ಮರಳಿಗೆ ಅಂಟುವುದು ಸ್ವಲ್ಪವೇ. ಆದುದರಿಂದ ಮರಳನ್ನೂ ಜೇಡಿಯನ್ನೂ ಬೇರ್ಪಡಿಸಬಲ್ಲವನು ವಿಷದ ರಾಶಿಯನ್ನು ಬಹಳ ಕಿರಿದು ಮಾಡಬಲ್ಲನು.

ಬೇರ್ಪಡಿಸುವ ಕ್ರಮವು ಹೀಗಿದೆ. ಮೊದಲು ಕೆಸರನ್ನು ನೀರಿನಲ್ಲಿ ಕದಡಿ, ಜರಡಿಯಿಂದ ಕಲ್ಲು ಕಡ್ಡಿಗಳನ್ನು ತೆಗೆಯುತ್ತಾರೆ. ಬಳಿಕ ಹೈಡ್ರೋಸೈಕ್ಲೋನ್ ಎಂಬ ಲಾಳಿಕೆಯಾಕಾರದ ಯಂತ್ರದಲ್ಲಿ ಆ ನೀರನ್ನು ಸುಳಿಯಂತೆ ರಭಸದಿಂದ ತಿರುಗಿಸುತ್ತಾರೆ. ಭಾರವಾದ ಮರಳು ಗೋಡೆಯ ಕಡೆಗೆ ಎಸೆಯಲ್ಪಟ್ಟು ಕೆಳಗಿನ ಬಾಯಿಂದ ಇಳಿಯುತ್ತದೆ. ನುಣ್ಣನೆಯ ಕೆಸರು ನೀರಿನೊಡನೆ ಮೇಲಿನ ಬಾಯಿಂದ ಹೊರಡುತ್ತದೆ. ಮರಳಿನ ಕಣಗಳನ್ನು ಒಂದಕ್ಕೊಂದು ಉಜ್ಜಿ ಇನ್ನೊಮ್ಮೆ ತೊಳೆಯುವುದೂ ಉಂಟು. ವಿಷವುಳ್ಳ ಕೆಸರನ್ನು ಹಿಂಡಿ, ಬಿಲ್ಲೆಗಳನ್ನಾಗಿ ಮಾಡಿ, ನೆಲಕ್ಕೆ ಇಂಗದಂತೆ ಕಟ್ಟಿದ ಗುಂಡಿಗಳಲ್ಲಿ ಹೂಳುತ್ತಾರೆ. ತೊಳೆದ ನೀರನ್ನೂ ಶುದ್ಧಿ ಮಾಡಿಯೇ ನದಿಗೆ ಬಿಡತಕ್ಕದ್ದು.

ಇದು ಕೇವಲ ಊಹೆಯಲ್ಲ. ಜರ್ಮನಿಯ ಹ್ಯಾಂಬುರ್ಗ್ ಬಂದರಿನಲ್ಲಿ ಎಲ್ಬೆ ನದಿಯ ಹೂಳಿನಿಂದ ಮರಳನ್ನು ಬೇರ್ಪಡಿಸುವ ದೊಡ್ಡ ಯಂತ್ರಾಗಾರವು 1993ರಲ್ಲಿ ಆರಂಭವಾಯಿತು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಫಾಕ್ಸ್ ನದಿಯ ಕಥೆ ಇನ್ನೂ ಬೋಧಪ್ರದವಾದುದು. ಅದರ ದಡದಲ್ಲಿ ಕಾಗದದ ಕಾರ್ಖಾನೆಗಳು ಬಹಳ. ಕಾರ್ಬನ್ ಹಾಳೆಯಿಲ್ಲದೆಯೇ ನಕಲು ಮೂಡಿಸುವ ಕಾಗದದ ತಯಾರಿಕೆಯಿಂದ 1950ರ ದಶಕದಿಂದ 1971ರ ವರೆಗೆ ಪಿ.ಸಿ.ಬಿ. ಎಂಬ ವಿಷವು ನದಿಗೆ ಸೇರಿತು. ಅದು ಕೆಸರಿನಿಂದ ಮೀನಿಗೂ, ಮೀನಿನಿಂದ ಮನುಷ್ಯನಿಗೂ ಬರುವಂಥಾದ್ದು. ನದಿಯ ಕೆಳಭಾಗದ ಹೂಳನ್ನು ಗ್ರೀನ್ ಬೇ ನಗರದ ಬಳಿ 2009ರಿಂದ ಎತ್ತತೊಡಗಿದರು. ಆ ಕೆಲಸವು 2020ರಲ್ಲಿ ಮುಗಿಯಿತು. ಹಾಗೆ ಎತ್ತಿದುದರಲ್ಲಿ ಬೇರ್ಪಟ್ಟ ಮರಳನ್ನು ತೊಳೆದು, ಪರೀಕ್ಷಿಸಿ, ಹೆದ್ದಾರಿಯ ಕೆಲಸಕ್ಕೆ ಉಪಯೋಗಿಸಿದರು. ಹೂಳುವ ರಾಶಿ ಕಡಿಮೆಯಾಯಿತು; ಬೇರೆಡೆಯಲ್ಲಿ ಅಗೆಯಬೇಕಾಗಿದ್ದ ಮರಳೂ ಉಳಿಯಿತು. ಆದರೆ ಇಪ್ಪತ್ತು ವರ್ಷಗಳೊಳಗೆ ಸುರಿದುದನ್ನು ತೆಗೆಯಲು ದಶಕಗಳ ತರುವಾಯ ಹತ್ತು ವರ್ಷಕ್ಕೂ ಮಿಕ್ಕಿ ದುಡಿಯಬೇಕಾಯಿತೆಂಬುದನ್ನು ಮರೆಯಬಾರದು.

ಇದರಿಂದ ನಾವು ಕಲಿಯತಕ್ಕ ಪಾಠಗಳು ಎರಡು. ಮೊದಲನೆಯದು, ಹೂಳಿನಲ್ಲಿಯೂ ಬೆಲೆಯುಂಟು. ನಮ್ಮ ರೈತರು ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದುದು ಇದೇ ವಿವೇಕದಿಂದ. ಆದರೆ ಪಟ್ಟಣದ ಚರಂಡಿಯೋ ಕಾರ್ಖಾನೆಯ ನೀರೋ ಸೇರಿದ ಹೂಳನ್ನು ಪರೀಕ್ಷಿಸದೆ ಹೊಲಕ್ಕಾಗಲಿ ಮನೆಗಾಗಲಿ ತರಬಾರದು. ಎರಡನೆಯದು, ಹೂಳೆತ್ತುವ ನೆಪದಲ್ಲಿ ನದಿಯ ಒಳ್ಳೆಯ ಮರಳನ್ನು ದೋಚಗೊಡಬಾರದು. ಹೊನ್ನಾಳಿಯ ಹೊಳೆಯ ಮರಳು ಮಳೆಗಾಲದ ನೀರನ್ನು ಹಿಡಿದಿಟ್ಟು ದಡದ ಬಾವಿಗಳಿಗೆ ಉಣಿಸುತ್ತದೆ. ಅದನ್ನು ಅತಿಯಾಗಿ ತೆಗೆದರೆ ಹೊಳೆಯ ಪಾತ್ರವು ತಗ್ಗುತ್ತದೆ, ಬಾವಿಗಳು ಬತ್ತುತ್ತವೆ. ಕೆಟ್ಟ ಹೂಳಿನಿಂದ ಬಿಡಿಸಿದ ಮರಳು ಈ ಒಳ್ಳೆಯ ಮರಳನ್ನು ಉಳಿಸುವುದಕ್ಕಾಗಿ ಇರಬೇಕಲ್ಲದೆ ತೆಗೆಯುವುದಕ್ಕೆ ರಹದಾರಿಯಾಗಬಾರದು.

ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವನ್ನು ಹೇಳಿ ಮುಗಿಸುವೆನು. ನೆಟ್ಟಗಿನ ಗಾಜಿನ ಜಾಡಿಯಲ್ಲಿ ಅರ್ಧದಷ್ಟು ಮರಳನ್ನು ಹಾಕಿ, ಸ್ವಲ್ಪ ಉಪ್ಪು ಕರಗಿಸಿದ ನೀರನ್ನು ಮುಕ್ಕಾಲು ಭಾಗದ ವರೆಗೆ ತುಂಬಿರಿ. ಚೆನ್ನಾಗಿ ಅಲ್ಲಾಡಿಸಿ ಮೂರು ಗಂಟೆಗಳ ಕಾಲ ಕದಲಿಸದೆ ಇಡಿರಿ. ಮರಳು ಕೆಳಗೆ, ನುಣ್ಣನೆಯ ಮಣ್ಣು ಅದರ ಮೇಲೆ ಪದರವಾಗಿ ನಿಲ್ಲುವುವು. ಮಣ್ಣಿನ ಪದರವು ಮರಳಿನ ಎತ್ತರದಲ್ಲಿ ನೂರಕ್ಕೆ ಎಂಟಕ್ಕಿಂತ ಹೆಚ್ಚಾಗಿದ್ದರೆ ಆ ಮರಳು ತೊಳೆಯದೆ ಗಾರೆಗೆ ಯೋಗ್ಯವಲ್ಲವೆಂದು ಕಟ್ಟಡದವರು ಎಣಿಸುತ್ತಾರೆ. ಆದರೆ ಒಂದು ಎಚ್ಚರಿಕೆ: ಜಾಡಿಯು ಮಣ್ಣನ್ನು ತೋರಿಸಬಲ್ಲುದು, ವಿಷವನ್ನು ತೋರಿಸಲಾರದು. ಹೊಳೆಯುವ ಮರಳೆಲ್ಲವೂ ನಿರ್ಮಲವಲ್ಲ. ವಿಷವಿಲ್ಲವೆಂದು ಹೇಳಲು ಪ್ರಯೋಗಶಾಲೆಯೇ ಬೇಕು.

ಅಕ್ಕಿಯಲ್ಲಿ ಕಲ್ಲು ಬಿದ್ದರೆ ಜಾಲಿಸುವ ವಿದ್ಯೆ ನಮಗುಂಟು. ಆದರೂ ಬುದ್ಧಿವಂತೆಯಾದ ಗೃಹಿಣಿಯು ಒಕ್ಕುವ ಕಣವನ್ನೇ ಚೊಕ್ಕಟವಾಗಿಡುವಳು. ನದಿಯ ವಿಷಯದಲ್ಲಿಯೂ ಅದೇ ನ್ಯಾಯವು ಸಲ್ಲುತ್ತದೆ.