ಬೆಟ್ಟದ ಹಲ್ಲಿಗೆ ಹೆಸರಿಡುವ ಕ್ರಮ

ಹಲ್ಲಿಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಅದು ಲೊಚಗುಟ್ಟಿದರೆ ಶಕುನವೆನ್ನುವವರುಂಟು. ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲವನ್ನು ನೋಡುವವರುಂಟು. ವಿಷಜಂತುವೆಂದು ಪೊರಕೆಯಿಂದ ಬಡಿಯುವವರೂ ಉಂಟು. ವಾಸ್ತವದಲ್ಲಿ ಹಲ್ಲಿಗೆ ವಿಷವಿಲ್ಲ. ಇಷ್ಟು ಪರಿಚಿತವಾದ ಪ್ರಾಣಿಯ ಕುಲದಲ್ಲಿಯೂ ಶಾಸ್ತ್ರಕ್ಕೆ ತಿಳಿಯದ ಜಾತಿಗಳು ಅಡಗಿರಬಹುದೆಂಬುದಕ್ಕೆ ನಮ್ಮ ಸೀಮೆಗೆ ಸಮೀಪದ ನಿದರ್ಶನವೊಂದನ್ನು ಇಲ್ಲಿ ವಿವರಿಸುವೆನು.

ಚಿಕ್ಕಬಳ್ಳಾಪುರದವರು ನಂದಿಬೆಟ್ಟವನ್ನು ಬಲ್ಲರಷ್ಟೆ. ಅದರ ಶಿಖರವು ಸಮುದ್ರಮಟ್ಟದಿಂದ ಸುಮಾರು ೪,೮೫೦ ಅಡಿ ಎತ್ತರದಲ್ಲಿದೆ. ಮೇಲೆ ಮೋಡವು ಕವಿದು ಮರಗಳಿಂದ ಹನಿಗಳು ತೊಟ್ಟಿಕ್ಕುತ್ತಿರುವಾಗಲೂ ಕೆಳಗೆ ಗೌರಿಬಿದನೂರು, ಶಿಡ್ಲಘಟ್ಟಗಳ ಬಯಲು ಬಿಸಿಲಿನಲ್ಲಿ ಕಾಯುತ್ತಿರಬಹುದು. ತಂಪನ್ನೂ ತೇವವನ್ನೂ ಬಯಸುವ ಅಲ್ಪಪ್ರಾಣಿಗೆ ಇಂತಹ ಬಯಲು ದಾಟಲಾರದ ಕಡಲು, ಬೆಟ್ಟವೇ ದ್ವೀಪ. ಆದುದರಿಂದಲೇ ಶಾಸ್ತ್ರಜ್ಞರು ಇಂತಹ ಬೆಟ್ಟಗಳನ್ನು ಆಕಾಶದ್ವೀಪಗಳೆಂದು ಕರೆಯುತ್ತಾರೆ. ಒಂದು ಬೆಟ್ಟದ ಹಲ್ಲಿಯು ಇನ್ನೊಂದನ್ನು ಸೇರಲಾರದೆ ಲಕ್ಷಾಂತರ ವರ್ಷಗಳು ಕಳೆದರೆ, ಎರಡೂ ಬೇರೆ ಬೇರೆ ಜಾತಿಗಳಾಗುವುವು.

೧೮೭೦ರಲ್ಲಿ ಬೆಡ್ಡೋಮ್ ಎಂಬ ಆಂಗ್ಲ ಅಧಿಕಾರಿಯು ಸೇಲಂ ಬಳಿಯ ಶೇವರಾಯ್ ಬೆಟ್ಟದ ತೆಳುಮೈಯ ಹಲ್ಲಿಯೊಂದನ್ನು ವರ್ಣಿಸಿ, ಅದಕ್ಕೆ ಕಿತ್ತಳೆಬಣ್ಣವನ್ನು ಸೂಚಿಸುವ 'ಆರೆಂಟಿಯಾಕಸ್' ಎಂಬ ಲ್ಯಾಟಿನ್ ಹೆಸರನ್ನಿಟ್ಟನು. ಅನಂತರ ಬಹುಕಾಲ ದಕ್ಷಿಣದ ಬೆಟ್ಟಗಳ ಇಂತಹ ಹಲ್ಲಿಗಳೆಲ್ಲವೂ ಆ ಒಂದೇ ಹೆಸರಿನೊಳಗೆ ಸೇರಿದ್ದುವು. ೨೦೧೯ರಲ್ಲಿ ಇಶಾನ್ ಅಗರ್‌ವಾಲ್, ಅಕ್ಷಯ್ ಖಾಂಡೇಕರ್, ವರದ್ ಗಿರಿ, ಉಮಾ ರಾಮಕೃಷ್ಣನ್, ಪ್ರವೀಣ್ ಕಾರಂತ ಇವರು ಅವುಗಳಲ್ಲಿ ಸುಮಾರು ಹನ್ನೆರಡು ಜಾತಿಗಳಿರುವುವೆಂದು ತೋರಿಸಿ, ಮೂರನ್ನು ಹೊಸದಾಗಿ ಹೆಸರಿಸಿದರು. ಒಂದು ಅರಕು ಪ್ರದೇಶದ್ದು, ಮತ್ತೊಂದು ಕೊಲ್ಲಿ ಬೆಟ್ಟದ್ದು. ಮೂರನೆಯದು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಆವರಣದ್ದೇ! ಆ ವಿದ್ಯಾಮಂದಿರದ ಗೌರವಾರ್ಥವಾಗಿ ಅದಕ್ಕೆ 'ಹೆಮಿಫಿಲೊಡ್ಯಾಕ್ಟಿಲಸ್ ಜ್ಞಾನ' ಎಂದು ಹೆಸರಾಯಿತು. ವಿದ್ವಾಂಸರು ನಿತ್ಯವೂ ಓಡಾಡುವ ಸ್ಥಳದಲ್ಲಿ ಅದು ಅಷ್ಟು ಕಾಲ ಹೆಸರಿಲ್ಲದೆ ಬಾಳಿತ್ತು.

ಹೊಸ ಜಾತಿಯೆಂದು ನಿರ್ಣಯಿಸುವ ಕ್ರಮವು ಹೇಗೆ? ಮೊದಲು, ರಾತ್ರಿಯಲ್ಲಿ ದೀಪ ಹಿಡಿದು ಬಂಡೆ, ಮರ, ಗೋಡೆಗಳಲ್ಲಿ ಹುಡುಕಬೇಕು. ಎರಡನೆಯದಾಗಿ, ಮೂತಿಯ ತುದಿಯಿಂದ ಬಾಲದ ಬುಡದವರೆಗೆ ಅಳೆದು, ಬೆರಳುಗಳ ಅಡಿಯ ಪದರಗಳನ್ನೂ ಗಂಡುಹಲ್ಲಿಯ ತೊಡೆಯ ಸೂಕ್ಷ್ಮರಂಧ್ರಗಳನ್ನೂ ಎಣಿಸಬೇಕು. ಮೂರನೆಯದಾಗಿ, ಈ ಲೆಕ್ಕಗಳನ್ನು ವಸ್ತುಸಂಗ್ರಹಾಲಯದ ಹಳೆಯ ಮಾದರಿಗಳೊಡನೆ ಹೋಲಿಸಬೇಕು. ನಾಲ್ಕನೆಯದಾಗಿ, ವಂಶದ ಗುರುತನ್ನು ಹೊತ್ತಿರುವ ಡಿ.ಎನ್.ಎ. ಎಂಬ ದ್ರವ್ಯವನ್ನು ಪರೀಕ್ಷಿಸಬೇಕು. ಕಡೆಗೆ, ಒಂದು ಹಲ್ಲಿಯನ್ನು ಮೂಲಮಾದರಿಯೆಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಕಾಪಾಡಿ, ವರ್ಣನೆಯನ್ನು ಪ್ರಕಟಿಸಬೇಕು. ಮುಂದೆ ಯಾರಿಗಾದರೂ ಸಂದೇಹ ಬಂದರೆ ಆ ಮಾದರಿಯನ್ನೇ ತೆಗೆದು ನೋಡತಕ್ಕದ್ದು.

ಇಷ್ಟೆಲ್ಲ ಶ್ರಮವು ಒಂದು ಹಲ್ಲಿಗಾಗಿಯೇ ಎಂದು ಕೇಳಬಹುದು. ಎಲ್ಲ ಬೆಟ್ಟಗಳಲ್ಲಿಯೂ ಒಂದೇ ಜಾತಿಯಿದ್ದರೆ, ಒಂದು ಬೆಟ್ಟವನ್ನು ಕಲ್ಲಿಗಾಗಿ ಒಡೆದರೂ ಆ ಜಾತಿಯು ಬೇರೆಡೆ ಉಳಿದೀತು. ಬೆಟ್ಟಕ್ಕೊಂದು ಜಾತಿಯಿದ್ದರೆ, ಅಲ್ಲಿ ನಾಶವಾದುದು ಲೋಕದಲ್ಲಿಯೇ ನಾಶವಾದಂತೆ. ಹೆಸರಿಲ್ಲದುದು ಅಳಿದರೆ ಅಳಿಯಿತೆಂದು ಹೇಳುವವರೂ ಇರುವುದಿಲ್ಲ. ಕಲ್ಲುಗಣಿಗಳನ್ನು ದಿನವೂ ಕಾಣುವ ನಮ್ಮ ಸೀಮೆಯವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಚಿಂತಾಮಣಿಯಿಂದಾಚೆ, ಮದನಪಲ್ಲಿಯ ಬಳಿಯಿರುವ ರಿಷಿ ವ್ಯಾಲಿಯ ಹೆಸರನ್ನು ಹೊತ್ತ ನೆಲವಾಸಿ ಹಲ್ಲಿಯೊಂದು ೨೦೧೬ರಲ್ಲಿ ಶಾಸ್ತ್ರಕ್ಕೆ ಪರಿಚಯವಾಯಿತು. ಹುಡುಕುವವರಿಗೆ ನಮ್ಮ ಸುತ್ತಣ ಬಂಡೆಗಳಲ್ಲಿಯೂ ಕೆಲಸವುಂಟು. ಆದುದರಿಂದ ತಾಯಂದಿರು ಪೊರಕೆಯನ್ನು ಕೆಳಗಿಟ್ಟು, ಮಕ್ಕಳ ಕೈಗೆ ಒಂದು ಪುಸ್ತಕವನ್ನೂ ಸೀಸದಕಡ್ಡಿಯನ್ನೂ ಕೊಡಲಿ. ಕಂಡ ದಿನ, ಸ್ಥಳ, ಬಣ್ಣ, ನಡತೆ ಇವನ್ನು ಹಲ್ಲಿಯನ್ನು ಹಿಡಿಯದೆಯೇ ಬರೆದಿಡಬಹುದು. ನೋಡಿದುದನ್ನು ನೋಡಿದಂತೆಯೇ ಬರೆಯುವ ಅಭ್ಯಾಸವೇ ಶಾಸ್ತ್ರದ ಮೊದಲನೆಯ ಪಾಠ.